ಎಡಗೈ ಸೆಲ್ಯೂಟು

ನಾನು ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದಾಗ ಗೇಟಿನಲ್ಲಿ ವಾಚ್‌ಮನ್ ಒಬ್ಬರಿದ್ದರು. ಮೊದಲು ಕೈಲಾಂಚದ ಕಡೆ ರೇಷ್ಮೆಹುಳ ಸಾಕುತ್ತಿದ್ದವರು. ಲಾರಿ ಬರಲಿ, ಸೈಕಲ್ ಬರಲಿ, ಚೀಟಿ ನೋಡದೆ ಒಳಗೆ ಬಿಡುತ್ತಿರಲಿಲ್ಲ. ‘ರೂಲ್ಸು ಎಲ್ರಿಗೂ ಒಂದೇಯ’ ಎನ್ನುತ್ತಿದ್ದರು.

ಒಮ್ಮೆ ಚರಂಡಿಯಲ್ಲಿ ಸಿಕ್ಕ ತಬ್ಬಲಿ ಬೆಕ್ಕಿನ ಮರಿಯನ್ನು ತಂದು ಗೇಟಿನ ರೂಮಿನಲ್ಲಿ ಸಾಕಿಕೊಂಡರು. ರೂಲ್ಸು ಅದಕ್ಕೂ ಬಂತು. ನಾವು ಬೆರಳು ತೋರಿಸಿ ಕೆಣಕಿದರೆ, ‘ಕೈ ಆಡುಸ್ಬ್ಯಾಡಿ, ಕಚ್ಚೋದು ಕಲ್ತ್‌ಬುಡ್ತದೆ’ ಎಂದು ಆಡಿಸಲು ಜೇಬಿನಿಂದ ಹಗ್ಗದ ತುಂಡು ತೆಗೆದು ಕೊಡುತ್ತಿದ್ದರು. ಮರಿ ಅವರನ್ನೇ ಕಚ್ಚಿದರೆ ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಮನೆಯಲ್ಲಿ ಜಗಳವಾಡಿಕೊಂಡವರಂತೆ ಗೋಡೆ ಕಡೆ ತಿರುಗಿ ಕೂರುತ್ತಿದ್ದರು. ಅದು ತೆಪ್ಪಗಾಗುವವರೆಗೆ ಮಾತಿಲ್ಲ, ಆಟವಿಲ್ಲ.

ಆದರೆ ಹಾಲು ಕುಡಿದ ಮೇಲೆ ಅದು ಅವರ ಯೂನಿಫಾರ್ಮಿನ ಬಲತೋಳನ್ನು ಚೀಪುತ್ತಾ ನಿದ್ದೆಹೋಗುತ್ತಿತ್ತು. ಅದಕ್ಕೆ ಮಾತ್ರ ಯಾವ ರೂಲ್ಸೂ ಇರಲಿಲ್ಲ. ತೋಳು ಒದ್ದೆಯಾದರೂ ಅಲ್ಲಾಡುತ್ತಿರಲಿಲ್ಲ. ‘ಅದುಕ್ಕೆ ಅವ್ವನ ಗ್ಯಾನ, ಬುಡಿ’ ಎನ್ನುತ್ತಿದ್ದರು.

ಹಾಗೆ ಚೀಪುತ್ತಿದ್ದಾಗಲೇ ಒಂದು ಬೆಳಿಗ್ಗೆ ಹೊಸ ಮ್ಯಾನೇಜರ ಕಾರು ಬಂತು. ಇವರು ಮರಿಯನ್ನು ಬಲಗೈಯಲ್ಲಿಟ್ಟುಕೊಂಡೇ ಎದ್ದು ಬಂದು, ಎಡಗೈಯಲ್ಲಿ ಗೇಟು ತೆರೆದು, ಎಡಗೈಯಲ್ಲೇ ಸೆಲ್ಯೂಟು ಹೊಡೆದರು. ಇವರ ಕೆಲಸ ಹೋಯಿತು ಎಂದುಕೊಂಡೆವು.

ಮ್ಯಾನೇಜರು ಕಿಟಕಿ ಇಳಿಸಿದರು. ‘ಬಲಗೈಗೆ ಏನಾಯ್ತು?’

‘ಡ್ಯೂಟೀಲೈತೆ ಸಾ.’

ಮ್ಯಾನೇಜರು ಮರಿಯನ್ನು ನೋಡಿದರು. ಮೆಲ್ಲಗೆ ಬೆರಳು ಚಾಚಿದರು. ವಾಚ್‌ಮನ್ ಮರಿಯನ್ನು ಹಿಂದಕ್ಕೆಳೆದುಕೊಂಡರು.

‘ಕೈ ಬ್ಯಾಡಿ ಸಾ. ರೂಲ್ಸು ಎಲ್ರಿಗೂ ಒಂದೇಯ.’

ಹಿಂದೆ ಸಾಲಾಗಿ ನಿಂತ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು. ಮ್ಯಾನೇಜರು ಕಾರಿನ ಕಿಟಕಿಯಿಂದ ಹಗ್ಗ ಆಡಿಸುತ್ತಾ ಕೂತಿದ್ದರು.