ಮೇಣವಿಲ್ಲದ ಅಳತೆ

ಕಲ್ಲೋಳಿಯ ಶೆಟ್ಟೆಪ್ಪನನ್ನು ನಾನು ಮೂವತ್ತು ವರ್ಷಗಳಿಂದ ಬಲ್ಲೆ. ಅವನ ಮಗ ಭೀಮಶಿ ನನ್ನ ಕೈಯಲ್ಲಿ ಮಗ್ಗಿ ಕಲಿತವನು. ಕುರಿಯ ಹಿಂಡು ಮತ್ತು ಸ್ವಲ್ಪ ಹೊಲ, ಇಷ್ಟೇ ಅವರ ಬದುಕು. ಆದರೆ ವರ್ಷಕ್ಕೊಂದು ದಿನ, ದಸರೆಯಂದು, ಶೆಟ್ಟೆಪ್ಪನಿಗೆ ಬೇರೊಂದು ಕೆಲಸವಿರುತ್ತಿತ್ತು. ಹುಕ್ಕೇರಿಯ ಆಚೆಗಿನ ಒಂದು ಹಳ್ಳಿಯ ಜಮೀನ್ದಾರರ ವಾಡೆಯಲ್ಲಿ ಬ್ರಿಟಿಷರ ಕಾಲದ ಐದು ಬಂದೂಕುಗಳಿವೆ. ಬನ್ನಿ ಮುಡಿಯುವ ಮೊದಲು ಅವನ್ನು ಒಂದರ ಹಿಂದೊಂದು ಆಕಾಶಕ್ಕೆ ಹಾರಿಸಬೇಕು. ಗುಂಡು ಇರುವುದಿಲ್ಲ, ಬರೀ ಕರಿಮದ್ದು. ಆ ಮದ್ದನ್ನು ಅಳೆದು ಕೊಡುವುದು ಶೆಟ್ಟೆಪ್ಪನ ಮನೆತನಕ್ಕೆ ಅಜ್ಜನ ಕಾಲದಿಂದ ಬಂದ ಸೇವೆ.

ಅವನ ಅಳತೆಯೆಂದರೆ ಎರಡು ಬಿದಿರಿನ ಕೊಳವೆಗಳು. ಒಂದರಲ್ಲಿ ನಾಲ್ಕು ಬಂದೂಕುಗಳ ಮದ್ದನ್ನು ಅಳೆಯುವನು. ಇನ್ನೊಂದು, ಕೆಂಪು ದಾರ ಸುತ್ತಿದ್ದು, ಮೂರನೆಯ ಬಂದೂಕಿಗೆ ಮೀಸಲು. ಆ ಬಂದೂಕಿನ ನಳಿಗೆಯ ಬುಡವನ್ನು ತುಕ್ಕು ತಿಂದಿತ್ತು. ಎಲ್ಲರೂ ಅದನ್ನು ಮುದುಕಿ ಎಂದೇ ಕರೆಯುತ್ತಿದ್ದರು. ಪೂರ್ತಿ ಮದ್ದು ಹಾಕಿದರೆ ಅದು ಸಿಡಿದುಹೋಗುವ ಭಯ. ಅದಕ್ಕಾಗಿ ಶೆಟ್ಟೆಪ್ಪನ ಅಜ್ಜ ಆ ಕೊಳವೆಯ ತಳದಲ್ಲಿ ಜೇನುಮೇಣ ತುಂಬಿಟ್ಟಿದ್ದ. ಹೊರಗಿನಿಂದ ಎರಡೂ ಒಂದೇ ಗಾತ್ರ, ಒಳಗೆ ಇದರಲ್ಲಿ ಅರ್ಧ ಮದ್ದು ಮಾತ್ರ ಹಿಡಿಯುವುದು. “ಮುದುಕಿಗಿ ಅರ್ಧಾ ರೊಟ್ಟಿ ಸಾಕ್ರಿ” ಎಂದು ಶೆಟ್ಟೆಪ್ಪ ನಗುತ್ತಿದ್ದ. ಆ ಬಂದೂಕನ್ನು ಹಿಡಿಯುವ ಹಕ್ಕು ಅವನ ಮನೆಯವರಿಗೆ ಮಾತ್ರ. ಮೊದಲು ಅವನು ಹಿಡಿಯುತ್ತಿದ್ದ, ಈಗ ಭೀಮಶಿ.

ಹೋದ ದಸರೆಗೆ ಎಂಟು ದಿನ ಮೊದಲು ಗೋಕಾಕದಲ್ಲಿ ಶೆಟ್ಟೆಪ್ಪನ ಕಣ್ಣಿಗೆ ಶಸ್ತ್ರಚಿಕಿತ್ಸೆಯಾಯಿತು. ಧೂಳಿಗೆ ಹೋಗಬಾರದೆಂದು ವೈದ್ಯರು ಹೇಳಿದ್ದರಿಂದ ಆ ವರ್ಷ ದಸರೆಯ ನಸುಕಿನಲ್ಲಿ ಮನೆಯಲ್ಲಿಯೇ ಕುಳಿತು, ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಕೊಳವೆಗಳನ್ನು ಕೈಯಿಂದ ತಡವಿ ಗುರುತಿಸಿ ಮದ್ದನ್ನು ಅಳೆದು ಐದು ಕಾಗದದ ಪೊಟ್ಟಣಗಳನ್ನು ಕಟ್ಟಿದನು. ಬೆಳಿಗ್ಗೆ ಭೀಮಶಿ ಅವನ್ನು ತೆಗೆದುಕೊಂಡು ಬೈಕಿನಲ್ಲಿ ಹೊರಟುಹೋದನು.

ಮಧ್ಯಾಹ್ನ ಕೊಳವೆಗಳನ್ನು ಗೂಡಿನಲ್ಲಿ ಎತ್ತಿಡುವಾಗ ಶೆಟ್ಟೆಪ್ಪನ ಬೆರಳು ಕೆಂಪು ದಾರದ ಕೊಳವೆಯೊಳಗೆ ಇಳಿಯಿತು. ಮೊದಲ ಗೆಣ್ಣಿಗೆ ನಿಲ್ಲಬೇಕಾದ ಬೆರಳು ಬುಡದವರೆಗೂ ಹೋಯಿತು. ಅವನು ಸೊಸೆ ಮಯೂರಿಯನ್ನು ಕರೆದು ಕೇಳಿದನು. ಹಿಂದಿನ ದಿನ ಖಂಡೇನವಮಿ. ಕುಡುಗೋಲು, ಕುರಿಯ ಕತ್ತರಿಗಳ ಜೊತೆಗೆ ಅವಳು ಕೊಳವೆಗಳನ್ನೂ ತೊಳೆದು ಪೂಜೆಗಿಟ್ಟಿದ್ದಳು.

“ಒಳಗ ಜಿಡ್ಡು ಹೆಪ್ಪುಗಟ್ಟಿತ್ರಿ ಮಾವಾರ. ಕುದಿಯೂ ನೀರಾಗ ಹಾಕಿ ತಗದೆ” ಎಂದಳು. ಒಳ್ಳೆಯ ಕೆಲಸ ಮಾಡಿದೆನೆಂಬ ಹಿಗ್ಗು ಅವಳ ದನಿಯಲ್ಲಿತ್ತಂತೆ. ಶೆಟ್ಟೆಪ್ಪ ಕೊಳವೆಯನ್ನು ಅಲ್ಲಿಯೇ ಬಿಟ್ಟು ಹೊರಬಿದ್ದನು.

ಎರಡು ಓಣಿ ದಾಟಿ ನಮ್ಮ ಮನೆಯ ಕಟ್ಟೆಗೆ ಬಂದಾಗ ಅವನ ಕಾಲಲ್ಲಿ ಚಪ್ಪಲಿಯಿರಲಿಲ್ಲ. ನಿಂತಲ್ಲಿಯೇ ಎಲ್ಲವನ್ನೂ ಹೇಳಿ, “ಮಾಸ್ತರ, ಗಾಡಿ ತಗೀರಿ. ನನ್ನ ಮಗನ ಕೈಯಾಗ ಮುದುಕಿ ಐತಿ” ಎಂದನು.

ಭೀಮಶಿಯ ಫೋನಿಗೆ ಕರೆ ಮಾಡಿದೆ, ಬಂದಾಗಿತ್ತು. ಮದ್ದು ಮುಟ್ಟುವ ದಿನ ಬೀಡಿ, ಬೆಂಕಿಪೆಟ್ಟಿಗೆ, ಫೋನು ಯಾವುದೂ ಮೈಮೇಲೆ ಇರಬಾರದೆಂಬ ನಿಯಮವನ್ನು ಶೆಟ್ಟೆಪ್ಪನೇ ಮಾಡಿದ್ದನು. ಬಂದೂಕು ಹಿಡಿಯುವ ಐವರೂ ಅದನ್ನು ತಪ್ಪದೆ ನಡೆಸುತ್ತಿದ್ದರು. ವಾಡೆಯ ಫೋನನ್ನು ಯಾರೂ ಎತ್ತಲಿಲ್ಲ.

ನನ್ನ ಹಳೆಯ ಸ್ಕೂಟರಿನ ಮೇಲೆ ಹೊರಟೆವು. ಗೋಕಾಕದ ಪೇಟೆಯಲ್ಲಿ ಚೆಂಡು ಹೂವಿನ ರಾಶಿ, ಬಾಳೆಕಂಬ ಕಟ್ಟಿದ ಟ್ರ್ಯಾಕ್ಟರುಗಳ ಸಾಲು. ದಾಟಲು ಅರ್ಧ ತಾಸು ಹಿಡಿಯಿತು. ಹಿಂದೆ ಕುಳಿತ ಶೆಟ್ಟೆಪ್ಪ ನನ್ನ ಹೆಗಲನ್ನು ಬಿಗಿಯಾಗಿ ಹಿಡಿದು ಗಳಿಗೆಗೊಮ್ಮೆ ಹೊತ್ತು ಎಷ್ಟಾಯಿತೆಂದು ಕೇಳುತ್ತಿದ್ದನು. ನಾನು ಹತ್ತು ನಿಮಿಷ ಕಡಿಮೆ ಮಾಡಿ ಹೇಳುತ್ತಿದ್ದೆ. ಹುಕ್ಕೇರಿ ದಾಟಿದ ಮೇಲೆ ಅವನು ಕೇಳುವುದನ್ನು ಬಿಟ್ಟನು. ಅವನ ಹಣೆ ನನ್ನ ಬೆನ್ನಿಗೆ ಆನಿಕೊಂಡಿತ್ತು.

ಊರ ಅಗಸಿಬಾಗಿಲಲ್ಲಿ ಜನ ಕಿಕ್ಕಿರಿದಿದ್ದರು. ಸ್ಕೂಟರು ಮುಂದೆ ಹೋಗದು. ಆಗಲೇ ಮೊದಲ ಬಂದೂಕು ಹಾರಿದ ಸದ್ದು ಕೇಳಿತು. ಶೆಟ್ಟೆಪ್ಪ ಧುಮುಕಿ, ಜನರನ್ನು ಮೊಣಕೈಯಿಂದ ತಳ್ಳುತ್ತ ಓಡಿದನು. ಎರಡನೆಯದೂ ಹಾರಿತು. ನಾನು ಹಿಂದಿನಿಂದ ಕಂಡದ್ದಿಷ್ಟು: ಭೀಮಶಿ ಮುಂದೆ ಬಂದು ಬಂದೂಕನ್ನು ಎತ್ತಿ ಹಿಡಿದಿದ್ದನು; ಶೆಟ್ಟೆಪ್ಪ ಹೋಗಿ ಎರಡೂ ಕೈಗಳಿಂದ ಅದರ ನಳಿಗೆಗೆ ಜೋತುಬಿದ್ದನು.

“ಒತ್ತಬ್ಯಾಡ. ನೀರು ತರ್ರಿ ಯಾರರೆ” ಎಂದನು.

ಪೂಜೆಯ ಕೊಡದ ನೀರನ್ನೇ ನಳಿಗೆಗೆ ಸುರಿದರು. ಮದ್ದು ಕಪ್ಪು ಕೆಸರಾಗಿ ಹೊರಗೆ ಬಂದಿತು. ಅದು ಎಷ್ಟಿತ್ತೆಂಬುದನ್ನು ಎಲ್ಲರೂ ನೋಡಿದರು.

ವಾಡೆಯ ಹಿರಿಯರಾದ ಶಿವಾನಂದರು ಇದು ಯಾರ ತಪ್ಪೆಂದು ಕೇಳಿದರು. ಶೆಟ್ಟೆಪ್ಪ ಸೊಸೆಯ ಹೆಸರನ್ನು ಎತ್ತಲಿಲ್ಲ.

“ನಂದರಿ. ಅಳಿಯೂ ಮೊದಲ ಕೊಳವ್ಯಾಗ ಬೆರಳಿಟ್ಟು ನೋಡಬೇಕಿತ್ತು. ನೋಡಲಿಲ್ಲ.”

“ಕಣ್ಣಿಗಿ ಪಟ್ಟಿ ಕಟಗೊಂಡು ಮದ್ದ ಅಳದಾಳ ನೋಡ್ರೆಪಾ ಗಾಂಧಾರಿ” ಎಂದು ಗುಂಪಿನಲ್ಲಿ ಯಾರೋ ಅಂದರು. ಕೆಲವರು ನಕ್ಕರು.

ಇನ್ನೆರಡು ಬಂದೂಕುಗಳು ಉಳಿದಿದ್ದವು. ನಾಲ್ಕನೆಯದನ್ನು ಹಿಡಿದಿದ್ದ ಅರ್ಜುನ ಅದನ್ನು ಸದ್ದಿಲ್ಲದೆ ಕಂಬಳಿಯ ಮೇಲೆ ಮಲಗಿಸಿದನು. ಅವನನ್ನು ನೋಡಿ ಐದನೆಯವನೂ ಹಾಗೆಯೇ ಮಾಡಿದನು. ಆ ಎರಡರ ಮದ್ದನ್ನು ಬೇರೆ ಕೊಳವೆಯಿಂದ ಅಳೆದದ್ದೆಂದು ಶೆಟ್ಟೆಪ್ಪ ಒಬ್ಬೊಬ್ಬರಿಗೂ ಕೈಮುಗಿದು ಹೇಳಿದನು. ಕೊನೆಗೆ ಮಗನ ಕಡೆಗೆ ತಿರುಗಿದನು.

“ನೀ ಹಾರಸು ಭೀಮಾ. ಅವಕ್ಕೇನೂ ಆಗಂಗಿಲ್ಲ.”

ಭೀಮಶಿ ತನ್ನ ಎರಡೂ ಕೈಗಳನ್ನು ನೋಡಿಕೊಂಡನು. “ಮುಂಜಾನೆ ಪೊಟ್ಟಣ ಕೊಡುವಾಗೂ ಹಿಂಗ ಅಂದಿದ್ದೆಪಾ ನೀ. ನಿನ್ನ ಅಳತಿ ಇನ್ನ ನನಗ ಬ್ಯಾಡ” ಎಂದನು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಎರಡೇ ಸದ್ದಿಗೆ ಆ ವರ್ಷ ಬನ್ನಿ ಮುಡಿದರು. ಭೀಮಶಿ ಹಿರಿಯರಿಗೆಲ್ಲ ಬನ್ನಿ ಕೊಟ್ಟು ಕಾಲು ಮುಟ್ಟಿದನು. ತಂದೆಗೂ ಕೊಟ್ಟನು, ಮುಖವೆತ್ತಲಿಲ್ಲ. ಬಂದೂಕು ತೊಳೆಯುವುದಿದೆಯೆಂದು ಅಲ್ಲಿಯೇ ಉಳಿದುಕೊಂಡನು.

ನಾವಿಬ್ಬರೇ ತಿರುಗಿ ಹೊರಟೆವು. ಘಟಪ್ರಭೆ ದಾಟಿದ ಮೇಲೆ ಶೆಟ್ಟೆಪ್ಪ, “ಹುಡುಗನ ಕೈ ಉಳದುವಲ್ರಿ ಮಾಸ್ತರ, ಅಷ್ಟ ಸಾಕು” ಎಂದನು. ಒಂದೆರಡು ಹರದಾರಿ ಕಳೆದ ಮೇಲೆ ಮತ್ತೆ ಕೇಳಿದನು, “ಸಾಕಲ್ರಿ?”

ಗಾಳಿಯ ಸದ್ದಿನಲ್ಲಿ ಕೇಳಿಸಲಿಲ್ಲವೆಂಬಂತೆ ನಾನು ಗಾಡಿ ಓಡಿಸಿದೆ.