ಐದೂವರೆ ಎಂದು ಬರೆದೆ

ಶಾಂತವ್ವಾ, ನಿನ್ನ ರಕ್ತದ ರಿಪೋರ್ಟಿನಲ್ಲಿ ನಾನು ಸುಳ್ಳು ಬರೆದೆ. ಯಂತ್ರದ ಮುಳ್ಳು ಎಂಟು ತೋರಿಸಿತ್ತು; ನಾನು ಐದೂವರೆ ಎಂದು ಬರೆದೆ. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿಲ್ಲ — ಗಂಡನಿಗೂ, ದೇವರಿಗೂ. ದೇವರಿಗೆ ಗೊತ್ತಿರಬಹುದು, ಅದು ಬೇರೆ ಮಾತು.

ಎಪ್ಪತ್ತರ ದಶಕದ ಆರಂಭ. ನನಗೆ ಇಪ್ಪತ್ತೆರಡು. ಹುಬ್ಬಳ್ಳಿಯಿಂದ ಬಂದು, ವಡಾಲದ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು, ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದೆ. ನೀನು ವಿಜಾಪುರದ ಕಡೆಯವಳು. ಮಲಾಡಿನಲ್ಲಿ ಏಳುತ್ತಿದ್ದ ಬಿಲ್ಡಿಂಗಿನ ಕೆಲಸಕ್ಕೆ ಗಂಡನ ಜೊತೆ ಬಂದವಳು, ಏಳು ತುಂಬಿದ ಬಸುರಿ. ರಕ್ತದೊತ್ತಡ ಏರಿ, ಮೈಯೆಲ್ಲ ಬಾತು ವಾರ್ಡಿಗೆ ಸೇರಿದ್ದೆ. ಕನ್ನಡ ಬರುವವಳು ನಾನೊಬ್ಬಳೇ ಆದ್ದರಿಂದ ನಿನ್ನ ರಕ್ತ ತೆಗೆಯಲು ನನ್ನನ್ನೇ ಕರೆಯುತ್ತಿದ್ದರು. ನನಗೂ ಒಳಗೊಳಗೇ ಜಂಬ.

ಡಾಕ್ಟರು ನನಗೆ ಬಿಡಿಸಿ ಹೇಳಿದ್ದರು: ಇಂಥ ಬಸುರಿಯರ ರಕ್ತದಲ್ಲಿ ಯೂರಿಕ್ ಆಸಿಡ್ ಏರತೊಡಗಿದರೆ ಕಾಯಿಲೆ ಬಿಗಡಾಯಿಸುತ್ತಿದೆ ಎಂದು ಅರ್ಥ. ನಿನ್ನ ಒತ್ತಡವೇನೋ ಮಾತ್ರೆಗೆ ಬಗ್ಗಿದ ಹಾಗೆ ಕಾಣುತ್ತಿತ್ತು. ಕೂಸು ಇನ್ನೂ ಸಣ್ಣದು, ಹೊಟ್ಟೆಯಲ್ಲಿ ಇದ್ದಷ್ಟು ದಿನ ಒಳ್ಳೆಯದು. ಅಂಕಿ ನಿಂತಲ್ಲೇ ನಿಂತರೆ ಕಾಯುವುದು, ಜಿಗಿದರೆ ಅಂದೇ ಹೆರಿಗೆ ಮಾಡಿಸುವುದು — ಹೀಗೆ ತೀರ್ಮಾನವಾಗಿತ್ತು. ಮೊದಲ ಸಲ ಐದು ಬಂತು. ಎರಡು ದಿನ ಬಿಟ್ಟು ಮತ್ತೆ ತೆಗೆದೆ. ಈ ಪರೀಕ್ಷೆಯಲ್ಲಿ ನೀಲಿ ಬಣ್ಣ ಗಾಢವಾದಷ್ಟೂ ಅಂಕಿ ಹೆಚ್ಚು. ಕೊಳವೆ ನೋಡನೋಡುತ್ತಲೇ ಕಪ್ಪುನೀಲಿಯಾಯಿತು. ಎಂಟು.

ನನಗೆ ನಿನ್ನ ಚಿಂತೆ ಹುಟ್ಟಲಿಲ್ಲ — ಇದನ್ನೂ ಒಪ್ಪಿಕೊಳ್ಳುತ್ತೇನೆ — ನನ್ನ ಚಿಂತೆ ಹುಟ್ಟಿತು. ಹಿಂದಿನ ವಾರವಷ್ಟೇ ಬೇರೊಬ್ಬರ ರಿಪೋರ್ಟಿನಲ್ಲಿ ತಪ್ಪು ಅಂಕಿ ಕೊಟ್ಟು, ಲ್ಯಾಬಿನ ಹಿರಿಯರಿಂದ ಎಲ್ಲರೆದುರು ಬೈಸಿಕೊಂಡಿದ್ದೆ. "ನಳಿ ಧುತ್ಲಿ ಹೋತೀಸ್ ಕಾ?" ಕೊಳವೆ ತೊಳೆದಿದ್ದೆಯಾ ಎಂದು ಅವರು ಮರಾಠಿಯಲ್ಲಿ ಕೇಳಿದ್ದು ಇನ್ನೂ ಕಿವಿಯಲ್ಲಿತ್ತು. ಈ ಎಂಟೂ ನನ್ನ ಕೈತಪ್ಪೇ ಇರಬೇಕು ಎಂದುಕೊಂಡೆ. ಬೆಳಗ್ಗೆ ತೆಗೆದ ರಕ್ತ ಮುಗಿದಿತ್ತು. ಮತ್ತೊಮ್ಮೆ ತೆಗೆದು ನೋಡೋಣವೆಂದು ಸೂಜಿ ಹಿಡಿದು ನಿನ್ನ ಮಂಚದ ಹತ್ತಿರ ಬಂದೆ.

ನೀನು ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡೆ. "ಬ್ಯಾಡ್ರಿ ಅಕ್ಕಾರ... ಮುಂಜಾನಿ ತಗೊಂಡೀರಲ್ರಿ. ಹಿಂಗ ರಕ್ತ ತಗದ್ರ ನನ್ನ ಕೂಸಿಗಿ ಏನ್ ಉಳೀತದ್ರಿ?"

"ಆತು ಬಿಡವಾ, ತಗಿಯೂದಿಲ್ಲ" ಅಂದೆ.

ನೀನು ಕೈ ಹೊರಗೆ ತೆಗೆದು ನನ್ನ ಗಲ್ಲ ಮುಟ್ಟಿದೆ. "ನಿಮ್ಮ ಹೊಟ್ಟಿ ತಣ್ಣಗಿರಲಿ." ಬಾತ ಮಣಿಕಟ್ಟಿನಲ್ಲಿ ಹಸಿರು ಬಳೆಗಳು ಮಾಂಸಕ್ಕೆ ಒತ್ತಿಕೊಂಡಿದ್ದವು — ಎರಡು ದಿನದ ಹಿಂದೆ ಸದ್ದು ಮಾಡುತ್ತಿದ್ದ ಬಳೆಗಳು. ಅದನ್ನೂ ನೋಡಿದೆ. ನೋಡಿ ಹೊರಟುಬಂದೆ.

ಐದೇ ಎಂದು ಬರೆದರೆ ಅನುಮಾನ, ಆರು ಎಂದರೆ ಪ್ರಶ್ನೆ. ಐದೂವರೆ ಎಂದು ಬರೆದೆ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಅನ್ನುತ್ತಾರಲ್ಲ — ನಾನು ತಪ್ಪಿಸಿಕೊಂಡೆ. ಅದು ಯಾರ ಮೇಲೆ ಬೀಳುತ್ತದೆ ಎಂದು ತಿರುಗಿ ನೋಡಲಿಲ್ಲ. ಡಾಕ್ಟರು ಕಾಗದ ನೋಡಿ, ಇನ್ನೆರಡು ದಿನ ಕಾಯೋಣ ಎಂದರಂತೆ.

ಮರುದಿನ ಮಧ್ಯಾಹ್ನ ನಿನಗೆ ಫಿಟ್ಸ್ ಬಂತು. ನಿನ್ನನ್ನು ಉಳಿಸಿಕೊಂಡರು. ಕೂಸು — ಹೆಣ್ಣು — ಉಳಿಯಲಿಲ್ಲ. ಸುದ್ದಿ ಬಂದಾಗ ನಾನು ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದೆ. ಊಟ ಮುಗಿಸಿದೆ. ಡಬ್ಬಿ ತೊಳೆದೆ. ಆಮೇಲೆ ಕೊಳವೆಗಳನ್ನು ತೊಳೆದೆ, ತೊಳೆದದ್ದನ್ನೇ ಮತ್ತೆ ತೊಳೆದೆ. ಅಳು ಬರಲಿಲ್ಲ. ಇವತ್ತಿಗೂ ಬಂದಿಲ್ಲ.

ಇಂಥದ್ದೆಲ್ಲ ಹೇಳಿ ಬರುವುದಿಲ್ಲ ಎಂದು ಲ್ಯಾಬಿನಲ್ಲಿ ಮಾತಾಡಿಕೊಂಡರು. ಹೇಳಿಯೇ ಬಂದಿತ್ತು. ನನಗೊಬ್ಬಳಿಗೆ ಹೇಳಿತ್ತು.

ಮನೆಗೆ ಹೋಗುವ ದಿನ ನೀನು ಗೋಡೆ ಹಿಡಿದುಕೊಂಡು ಲ್ಯಾಬಿನ ಬಾಗಿಲಿಗೆ ಬಂದೆ. ಬಾವು ಇಳಿದು ಬಳೆಗಳು ಮತ್ತೆ ಸಡಿಲವಾಗಿದ್ದವು. "ಮತ್ತ ಮತ್ತ ರಕ್ತ ತಗದು ನನ್ನ ಕೂಸಿನ್ನ ಕೊಂದ್ರು ಇವ್ರು. ನೀವೊಬ್ಬರ ನನ್ನ ಮಾತು ಕೇಳಿದ್ರಿ, ಅಕ್ಕಾರ. ಇನ್ನ ಮುಂದ ಬಸರಾದ್ರ ದವಾಖಾನಿ ಮೆಟ್ಟಲಾ ಹತ್ತಂಗಿಲ್ಲ, ಯಾರಿಗೂ ರಕ್ತ ಕೊಡಂಗಿಲ್ಲ. ಹೌದಲ್ರಿ?"

"ಹೂಂ" ಅಂದೆ.

ವರ್ಷ ಕಳೆದ ಮೇಲೆ ಮಲಾಡಿಗೆ ಹೋದೆ. ಬಿಲ್ಡಿಂಗ್ ಮುಗಿದು ಕಿಟಕಿಗಳಿಗೆ ಪರದೆ ಬಿದ್ದಿತ್ತು. ನಿಮ್ಮ ಗುಡಿಸಲುಗಳಿದ್ದ ಜಾಗದಲ್ಲಿ ಸ್ಕೂಟರ್ ನಿಲ್ಲಿಸಿದ್ದರು. ಕೆಲಸದವರು ಎಲ್ಲಿಗೆ ಹೋದರೋ ಕಾವಲುಗಾರನಿಗೆ ಗೊತ್ತಿರಲಿಲ್ಲ. ನೀನು ಸಿಕ್ಕಿದ್ದರೆ ಹೇಳುತ್ತಿದ್ದೆನೇ — ಆಣೆ ಮಾಡಲಾರೆ. ಆಮೇಲೆ ನಿವೃತ್ತಿಯವರೆಗೂ ಬಂದ ಅಂಕಿಯನ್ನೇ ಬರೆದೆ. ಅದರಿಂದ ನಿನಗೇನು.

ಈಗ ಹೇಳುತ್ತೇನೆ. ರಕ್ತ ತೆಗೆದದ್ದಕ್ಕೆ ಕೂಸು ಹೋಗಲಿಲ್ಲ, ಶಾಂತವ್ವಾ. ನಿನ್ನ ರಕ್ತ ನಿಜ ಹೇಳಿತ್ತು, ನಾನು ಸುಳ್ಳು ಬರೆದೆ. ಮುಂದಿನ ಬಸುರಿನಲ್ಲಿ ಕೇಳಿದಾಗ ಕೈ ಚಾಚು. ಇಷ್ಟು ಹೇಳಲು ಅಂದು ಆ ಬಾಗಿಲಲ್ಲಿ ಅರ್ಧ ನಿಮಿಷ ಸಾಕಿತ್ತು. ನೀನು ಅಷ್ಟು ಹೊತ್ತು ನಿಂತೂ ಇದ್ದೆ.