ಕೊಡದ ಮೂರು ನೆರಳು

ಕಳೆದ ವಾರ ಹಳೆಯ ಟ್ರಂಕು ಒರೆಸುವಾಗ ಧೋತರದ ತುಂಡಿನಲ್ಲಿ ಸುತ್ತಿಟ್ಟ ಕಪ್ಪೆಚಿಪ್ಪೊಂದು ಕೈಗೆ ಸಿಕ್ಕಿತು. ಒಳಗೆ ಒಣಗಿ ಬಿರುಕುಬಿಟ್ಟ ನೀಲಿ ಬಣ್ಣ. ಸುಮ್ಮನಿರಲಾರದೆ ಬೆರಳನ್ನು ನೀರಿನಲ್ಲಿ ಅದ್ದಿ ಅದರ ಮೇಲೆ ಆಡಿಸಿದೆ. ಇಷ್ಟು ವರ್ಷವಾದ ಮೇಲೂ ಬಣ್ಣ ಬಿಟ್ಟಿತು. ಜೊತೆಗೆ ಜಾಲಿ ಅಂಟಿನ ವಾಸನೆಯೂ ಬಂತು. ನನ್ನ ಡ್ರಾಯಿಂಗ್ ಮಾಸ್ತರರು ಸುರಪುರದ ತಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಅಂಟು ನೆನೆಸುವಾಗ ಬರುತ್ತಿದ್ದ ವಾಸನೆ ಅದು...

ಮಾಸ್ತರರು ನಿಜಾಮರ ಕಾಲದಲ್ಲಿ ಊರ ಶಾಲೆಗೆ ಸೇರಿದವರು. ಹಿಂದೆ ಸಂಸ್ಥಾನಕ್ಕೆ ಚಿತ್ರ ಬರೆದುಕೊಡುತ್ತಿದ್ದ ಮನೆತನದ ಮುದುಕರೊಬ್ಬರ ಬಳಿ ವರ್ಷಗಟ್ಟಲೆ ಕುಂಚ ತೊಳೆದು ವಿದ್ಯೆ ಕಲಿತವರು. ಅಳಿಲ ಬಾಲದ ಕೂದಲಿನ ಕುಂಚದಲ್ಲಿ ಉಸಿರು ಹಿಡಿದು ಒಂದೊಂದೇ ರೆಪ್ಪೆ ಬರೆಯುತ್ತಿದ್ದರು. ಮನೆಯೊಳಗೆ ದಖ್ಖನಿ ಉರ್ದು, ಬೀದಿಗೆ ಬಂದರೆ ನಮ್ಮದೇ ಕನ್ನಡ. ಓದು ಬರಹ ಮಾತ್ರ ಉರ್ದುವಿನಲ್ಲಿ. ಅವರ ಕೈಯ ಬಗ್ಗೆ ಊರಿನಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಆ ಕೈಯಲ್ಲಿ ಒಂದು ಕಾಗದವಿರಲಿಲ್ಲ, ಅಷ್ಟೇ.

ನಿಜಾಮರು ಹೋದರು. ಕೆಲವು ವರ್ಷಗಳ ಮೇಲೆ ನಮ್ಮ ಸೀಮೆ ಕನ್ನಡ ರಾಜ್ಯಕ್ಕೆ ಸೇರಿತು. ಕಚೇರಿಗಳ ಬೋರ್ಡು ಬದಲಾದವು, ಅರ್ಜಿ ಬರೆಯುವ ಭಾಷೆ ಬದಲಾಯಿತು. ನನ್ನಂಥವರು ಕುಣಿದಾಡಿದೆವು. ಅದಾದ ಮರುವರ್ಷ ಶಾಲೆಗೊಂದು ಆದೇಶ ಬಂತು. ಚಿತ್ರಕಲೆ ಕಲಿಸುವವರಿಗೆ ಸರ್ಟಿಫಿಕೇಟು ಇರಬೇಕು, ಇಲ್ಲದವರು ಒಂದು ಸಲ ಪರೀಕ್ಷೆಗೆ ಕೂಡಬಹುದು, ತೇರ್ಗಡೆಯಾಗದಿದ್ದರೆ ಜಾಗ ಬಿಡಬೇಕು. ಮದುವೆಗೆ ಬಂದ ಇಬ್ಬರು ಹೆಣ್ಣುಮಕ್ಕಳ ತಂದೆ, ಗಡ್ಡ ಬೆಳ್ಳಗಾದ ಮನುಷ್ಯ, ನಮ್ಮ ಮಾಸ್ತರರು ಪರೀಕ್ಷೆಗೆ ಹೆಸರು ಕೊಟ್ಟರು.

ಅದೇ ಪರೀಕ್ಷೆಗೆ ನಾನೂ ಕೂಡುವವನಿದ್ದೆ. ನಮ್ಮದು ಬಡಿಗೇರ ಮನೆ. ಗುಲಬರ್ಗಾದ ಚಿತ್ರಶಾಲೆಯೊಂದರಲ್ಲಿ ಓದುತ್ತಿದ್ದೆ. ಈ ಸಲ ಪಾಸಾಗದಿದ್ದರೆ ಬಂಡಿಯ ಗಾಲಿ ಕೆತ್ತಲು ಬಾ ಎಂದು ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ. ರಜೆಗೆ ಊರಿಗೆ ಬಂದಾಗಲೆಲ್ಲ ಮಾಸ್ತರರ ಪಡಸಾಲೆಯೇ ನನ್ನ ಠಿಕಾಣಿ. ಅವರು ನನಗೆ ಕುಂಚ ಹಿಡಿಯುವುದನ್ನು ಕಲಿಸಿದರು. ನಾನು ಅವರಿಗೆ ಸ್ಕೇಲಿನ ಲೆಕ್ಕವನ್ನೂ, ಪ್ರಶ್ನೆಪತ್ರಿಕೆ ಓದುವಷ್ಟು ಕನ್ನಡ ಅಕ್ಷರವನ್ನೂ ಕಲಿಸಿದೆ. ಅಕ್ಷರಗಳನ್ನು ಅವರು ಬರೆಯಲಿಲ್ಲ, ಬಿಡಿಸಿದರು. ಅವರ 'ಳ'ಕಾರದಷ್ಟು ಚಂದದ 'ಳ'ಕಾರವನ್ನು ನಾನು ಮತ್ತೆಲ್ಲೂ ಕಂಡಿಲ್ಲ. ದಾರಿಯಲ್ಲಿ ಹೋಗುತ್ತ ಇದನ್ನು ನೋಡಿದ ಅಪ್ಪ, "ಗುರುವಿಗೇ ತಿರುಮಂತ್ರ ಹೇಳಾಕತ್ತಿಯೇನಲೇ" ಎಂದು ನಕ್ಕ. ನಾವಿಬ್ಬರೂ ನಕ್ಕೆವು.

ಎಲ್ಲ ಸರಿಹೋಯಿತು, ನೆರಳೊಂದನ್ನು ಬಿಟ್ಟು. ಪರೀಕ್ಷೆಯಲ್ಲಿ ವಸ್ತುಚಿತ್ರ ಎಂಬ ಭಾಗವಿತ್ತು. ಮುಂದಿಟ್ಟ ಸಾಮಾನನ್ನು ನೋಡಿ, ಅದರ ನೆರಳಿನ ಸಮೇತ ಬರೆಯಬೇಕು. ಮಾಸ್ತರರ ಗುರುಮನೆಯಲ್ಲಿ ನೆರಳು ಬರೆಯುವ ಪದ್ಧತಿಯೇ ಇರಲಿಲ್ಲ. ರಾಜನಿರಲಿ, ಆನೆಯಿರಲಿ, ಅವರ ಚಿತ್ರದಲ್ಲಿ ಯಾವುದರ ಕಾಲಬುಡದಲ್ಲೂ ನೆರಳು ಬೀಳುತ್ತಿರಲಿಲ್ಲ.

"ನೆರಳು ಕೊಡದ್ದಲ್ಲ ಬೇಟಾ, ಅದು ಹೊತ್ತಿಂದು," ಎಂದರು ಒಂದು ದಿನ, ಪಡಸಾಲೆಯ ನೀರಿನ ಕೊಡ ತೋರಿಸಿ. "ಹೊತ್ತು ಸರದ್ರ ಅದೂ ಸರಿತದ. ನಿಲ್ಲಲಾರದ್ದನ್ನ ಹೆಂಗ ಬರೀಲಿ?"

ಅದಕ್ಕೆ ಮಾರ್ಕು ಇವೆ ಎಂದು ಗೋಗರೆದೆ. ಹೆಣ್ಣುಮಕ್ಕಳ ಮುಖ ನೋಡಿ ಒಪ್ಪಿದರು. ಒಪ್ಪಿದ ಮೇಲೆ ಹಟ ಹಿಡಿದು ಕಲಿತರು. ಸಂಜೆ ಅರ್ಧ ತಾಸು ಒಂದು ಚೆಂಬು ಇಟ್ಟುಕೊಂಡು ಅದರ ನೆರಳು ಬರೆಯುತ್ತಿದ್ದರು. ಅರ್ಧ ತಾಸಿನಲ್ಲಿ ನೆರಳು ಎಷ್ಟು ಸರಿದೀತು? ತೊಂದರೆ ಕಾಣಲಿಲ್ಲ.

ಸುರಪುರದಿಂದ ಶಹಾಪುರ ದಾಟಿ ಯಾದಗಿರಿಗೆ ಬಸ್ಸು, ಅಲ್ಲಿಂದ ಗುಲಬರ್ಗಾಕ್ಕೆ ರೈಲು. ರೈಲಿನಲ್ಲಿ ನನ್ನ ಸಹಪಾಠಿಯೊಬ್ಬ ಸಿಕ್ಕ. ಮಾಸ್ತರರು ನೀರು ಕುಡಿಯಲು ಇಳಿದಾಗ, ಸುರಪುರದ ಶಾಲೆಯಲ್ಲಿ ಒಂದೇ ಜಾಗ ಇದೆಯಂತೆ, ನಿಮ್ಮ ಮುದುಕರು ಪಾಸಾದರೆ ಅದು ಅವರದೇ, ನೀನು ಬೀದರ ಕಡೆಯೋ ರಾಯಚೂರು ಕಡೆಯೋ ಹುಡುಕಿಕೊಳ್ಳಬೇಕು ಎಂದ. ಅಷ್ಟೇ ಹೇಳಿದ. ಆ ಮಾತು ನನ್ನ ಹೊಟ್ಟೆಯೊಳಗೆ ಹೋಗಿ ಕೂತಿತು.

ವಸ್ತುಚಿತ್ರ ಬರೆಯಲು ಮೂರು ತಾಸು. ಮೊದಲ ಕಾಲು ತಾಸಿನಲ್ಲೇ ನೆರಳಿನ ಗೆರೆ ಹಾಕಿಬಿಡಬೇಕು, ಆಮೇಲೆ ಬಿಸಿಲು ಎಲ್ಲಿಗೇ ಹೋಗಲಿ, ಅದರ ಕಡೆ ನೋಡಬಾರದು. ಇದು ಚಿತ್ರಶಾಲೆಯಲ್ಲಿ ಮೊದಲನೆಯ ವಾರವೇ ಹೇಳಿಕೊಡುವ ಮಾತು. ಮಾಸ್ತರರಿಗೆ ಇದನ್ನು ಹೇಳಿಲ್ಲ ಎಂಬುದು ಪರೀಕ್ಷೆಯ ಹಿಂದಿನ ಸಂಜೆ ಖಾನಾವಳಿಯಲ್ಲಿ ರೊಟ್ಟಿ ಮುರಿಯುವಾಗ ನೆನಪಾಯಿತು. ಬೆಳಿಗ್ಗೆ ಹೇಳಿದರಾಯಿತು ಎಂದುಕೊಂಡೆ.

ಬೆಳಿಗ್ಗೆ ಪರೀಕ್ಷೆಯ ಬಾಗಿಲಲ್ಲಿ ಅವರೇ ನಿಂತು ಕೇಳಿದರು: "ಮತ್ತೇನರ ಹೇಳೋದು ಉಳದದೇನು, ಬೇಟಾ?"

"ಏನಿಲ್ರಿ ಮಾಸ್ತರ," ಎಂದೆ.

ಕಿಟಕಿಯ ಬಳಿ ಮೇಜಿನ ಮೇಲೆ ಒಂದು ತಾಮ್ರದ ಕೊಡ, ಪಕ್ಕದಲ್ಲಿ ಎರಡು ಬದನೆಕಾಯಿ ಇಟ್ಟಿದ್ದರು. ಬಿಸಿಲು ನೇರ ಅದರ ಮೇಲೆ ಬೀಳುತ್ತಿತ್ತು. ಮಾಸ್ತರರು ನನಗಿಂತ ಎರಡು ಸಾಲು ಮುಂದೆ ಓರೆಯಾಗಿ ಕುಳಿತಿದ್ದರು. ಅವರು ಬರೆದ ಕೊಡ ಎಂಥ ಕೊಡ ಅದು... ಕಂಠದ ಕೆಳಗಿನ ಒಂದು ತಗ್ಗನ್ನೂ ಬಿಟ್ಟಿರಲಿಲ್ಲ. ಒಂದು ತಾಸಿಗೆ ಬಿಸಿಲು ಸರಿಯಿತು. ಅವರು ತಲೆಯೆತ್ತಿ ನೋಡಿದರು, ತಮ್ಮ ಕಾಗದ ನೋಡಿದರು, ನೆರಳು ಈಗ ಇದ್ದಲ್ಲಿ ಮತ್ತೊಂದು ನೆರಳು ಬರೆದರು. ಬರೆದದ್ದನ್ನು ಅಳಿಸುವುದು ಅವರ ಗುರುಮನೆಯಲ್ಲಿ ನಿಷಿದ್ಧ. ಹಾಗಾಗಿ ಮೊದಲನೆಯದೂ ಉಳಿಯಿತು. ಮುಗಿಯುವ ಹೊತ್ತಿಗೆ ಮೂರನೆಯದನ್ನೂ ಬರೆದಿದ್ದರು. ಮೂರೂ ಕಣ್ಣಿಗೆ ಕಂಡಂತೆಯೇ ಇದ್ದವು. ಒಂದರಲ್ಲೂ ಸುಳ್ಳಿರಲಿಲ್ಲ. ಕಾಗದ ಕೂಡಿಸಲು ಬಂದ ಪರೀಕ್ಷಕರು ಅದನ್ನು ಪಕ್ಕದವರಿಗೆ ತೋರಿಸಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಮಾಸ್ತರರು ಅದನ್ನು ನೋಡಿದರು. ನಾನು ನನ್ನ ಕುಂಚ ತೊಳೆಯುತ್ತ ಕುಳಿತೆ.

ಆ ಒಂದು ಭಾಗದಲ್ಲಿ ಅವರು ನಪಾಸಾದರು. ನಾನು ಪಾಸಾದೆ, ಜಾಗ ನನಗೆ ಬಂತು. ಅಪ್ಪ ಓಣಿಗೆಲ್ಲ ಪೇಢೆ ಹಂಚಿದ.

ಅಧಿಕಾರ ವಹಿಸಿಕೊಳ್ಳುವ ದಿನ ಮಾಸ್ತರರು ಇಸ್ತ್ರಿ ಮಾಡಿದ ಶೇರ್ವಾನಿ ಹಾಕಿಕೊಂಡು ಬಂದಿದ್ದರು. ಕಪಾಟಿನ ಕೀಲಿ ಕೊಟ್ಟರು. ಒಳಗಿದ್ದ ಮಣ್ಣಿನ ಹಣ್ಣು, ಚೆಂಬು, ಸೀಮೆಸುಣ್ಣದ ಡಬ್ಬಿ ಎಲ್ಲ ತೋರಿಸಿದರು. ಕಡೆಗೆ ಜೇಬಿನಿಂದ ಈ ಚಿಪ್ಪನ್ನು ತೆಗೆದು ನನ್ನ ಕೈಗಿಟ್ಟರು. ಬಾಗಿಲ ತನಕ ಹೋದವರು ತಿರುಗಿ ನಿಂತರು.

"ನೆರಳು ಮೊದಲ ಹಾಕಿಬಿಡಬೇಕಂತ. ಆಮ್ಯಾಲ ಅದರ ಕಡಿ ನೋಡಬಾರದಂತ," ಎಂದರು. "ಹುಡುಗರಿಗೆ ಮೊದಲನೇ ದಿನಾನೇ ಹೇಳ್ರಿ, ಮಾಸ್ತರ."

ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನಾನು ಇಷ್ಟು ವರ್ಷ ಅದನ್ನು ಹೊರಬೇಕಾಗುತ್ತಿರಲಿಲ್ಲ. ಅದುವರೆಗೆ ಬೇಟಾ ಎನ್ನುತ್ತಿದ್ದವರು ಅಂದಿನಿಂದ ನನ್ನನ್ನು ಮಾಸ್ತರ ಎಂದೇ ಕರೆದರು.

ಆಮೇಲೆ ಅವರು ಶಹಾಪುರಕ್ಕೆ ಹೋಗಿ, ಮದುವೆಗೆ ಕೊಡುವ ತಗಡಿನ ಟ್ರಂಕುಗಳ ಮೇಲೆ ಹೂವು, ಗಿಳಿ ಬರೆಯುತ್ತಿದ್ದರು. ಬಸ್ಸು ಆ ಅಂಗಡಿಯ ಮುಂದೆಯೇ ಹಾಯುತ್ತಿತ್ತು. ಎಷ್ಟೋ ಸಲ ಅವರ ಬಾಗಿದ ಬೆನ್ನು ಕಂಡಿದ್ದೆ. ಒಂದು ಸಲವೂ ಇಳಿಯಲಿಲ್ಲ. ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಮಣ್ಣಾಗಿ ತಿಂಗಳಾದ ಮೇಲೆ...

ಕೇಳಿದವರಿಗೆಲ್ಲ ಆ ಮಾತು ಹೇಳಲು ಮರೆತೆ ಎನ್ನುತ್ತ ಬಂದೆ. ಮರೆತಿರಲಿಲ್ಲ. ನಿವೃತ್ತಿಯಾಗುವವರೆಗೆ ಪ್ರತಿ ವರ್ಷ, ಪ್ರತಿ ತರಗತಿಗೆ, ಮೊದಲನೆಯ ದಿನವೇ ನೆರಳಿನ ಮಾತು ಹೇಳಿದೆ. ಮಕ್ಕಳು ತಲೆಯಾಡಿಸಿ ಬರೆದುಕೊಂಡರು. ಹೇಳಬೇಕಾಗಿದ್ದ ಒಬ್ಬರಿಗೆ ಹೇಳಲಿಲ್ಲ.

ಚಿಪ್ಪು ಈಗ ಕಿಟಕಿಯ ಹತ್ತಿರದ ಮೇಜಿನ ಮೇಲಿದೆ. ಬೆಳಿಗ್ಗೆಯಿಂದ ಅದರ ನೆರಳು ಎರಡು ಬೆರಳಿನಷ್ಟು ಸರಿದಿದೆ. ಅದರ ಕಡೆ ನೋಡಬಾರದು ಎಂದು ಕಲಿಸಿದವನು ನಾನು. ನೋಡುತ್ತ ಕುಳಿತಿದ್ದೇನೆ.